ಸೋಮದೇವಸೂರಿಯ ಅರ್ಥನೀತಿ: ತೆರಿಗೆ, ಮಾರುಕಟ್ಟೆ ಮತ್ತು ಬಳಕೆಗೆ ಬಾರದ ಸಂಪತ್ತು

ಶಕವರ್ಷ 888ರಲ್ಲಿ, ಅಂದರೆ ಕ್ರಿ.ಶ. 966ರಲ್ಲಿ, ವೇಮುಲವಾಡದ ಚಾಲುಕ್ಯ ಅರಸು ಅರಿಕೇಸರಿಯು ಒಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಗ್ರಾಮದ ಹೆಸರು ವನಿಕಟುಪುಲು. ಅವನ ತಂದೆ ಬದ್ದೆಗನು ಲೆಂಬುಳಪಾಟಕದಲ್ಲಿ ಕಟ್ಟಿಸಿದ್ದ ಶುಭಧಾಮ ಜಿನಾಲಯದ ಜೀರ್ಣೋದ್ಧಾರ, ಸುಣ್ಣಬಣ್ಣ, ಪೂಜೆ-ನೈವೇದ್ಯಗಳಿಗೆ ಈ ಗ್ರಾಮದ ಉತ್ಪತ್ತಿ ಸಲ್ಲಬೇಕೆಂಬುದು ದತ್ತಿಯ ಉದ್ದೇಶ. ದತ್ತಿಯನ್ನು ಸ್ವೀಕರಿಸಿದ ಆಚಾರ್ಯ ಸೋಮದೇವಸೂರಿ. ಪರಭಣಿಯಲ್ಲಿ ದೊರೆತ ತಾಮ್ರಪಟಗಳು ಈ ಸಂಗತಿಯನ್ನು ದಾಖಲಿಸಿವೆ.

ಇಂತಹ ದಾನಪತ್ರಗಳು ಕರ್ನಾಟಕ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ ಸಾವಿರ ಸಂಖ್ಯೆಯಲ್ಲಿವೆ. ದತ್ತಿ ಬಿಟ್ಟ ಗ್ರಾಮದ ಆದಾಯ ಅರಸನ ಭಂಡಾರಕ್ಕೆ ಹೋಗದೆ ದೇವಾಲಯಕ್ಕೋ ಬಸದಿಗೋ ಅಗ್ರಹಾರಕ್ಕೋ ಸಲ್ಲುತ್ತಿತ್ತು. ಆದರೆ ಪರಭಣಿಯ ಪತ್ರಕ್ಕೆ ಒಂದು ವಿಶೇಷವಿದೆ. ದತ್ತಿಯನ್ನು ಪಡೆದ ಆಚಾರ್ಯನೇ ರಾಜನೀತಿಯ ಗ್ರಂಥವೊಂದನ್ನೂ ಬರೆದಿದ್ದಾನೆ. ಅದರಲ್ಲಿ ಬರಿದಾದ ಭಂಡಾರವನ್ನು ತುಂಬಿಸುವ ಮಾರ್ಗಗಳನ್ನು ಹೇಳುವಾಗ ಅವನು ಮೊದಲು ಹೆಸರಿಸುವುದು ದೇವರ ಸೊತ್ತನ್ನೇ. ತನ್ನ ವರ್ಗಕ್ಕೆ ಲಾಭವಾಗಿದ್ದ ವ್ಯವಸ್ಥೆಯನ್ನೂ ತೆರಿಗೆಯ ತಕ್ಕಡಿಯಲ್ಲಿ ತೂಗಿದ ಈ ಬರಹಗಾರನ ಆಲೋಚನಾಕ್ರಮ ಪರಿಶೀಲನೆಗೆ ಯೋಗ್ಯವಾಗಿದೆ.

ಸೋಮದೇವಸೂರಿ ನೇಮಿದೇವರ ಶಿಷ್ಯ. ಅವನ ‘ಯಶಸ್ತಿಲಕ’ ಚಂಪೂ ಶಕವರ್ಷ 881ರಲ್ಲಿ (ಕ್ರಿ.ಶ. 959) ಗಂಗಧಾರಾ ಎಂಬಲ್ಲಿ ಮುಗಿಯಿತು. ಆಗ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ದಕ್ಷಿಣದ ದಿಗ್ವಿಜಯವನ್ನು ಮುಗಿಸಿ ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದನೆಂದು ಕೃತಿಯ ಕೊನೆಯಲ್ಲಿ ಹೇಳಲಾಗಿದೆ. ವೇಮುಲವಾಡದ ಈ ಮನೆತನ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಆದಿಕವಿ ಪಂಪನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿ ಈ ವಂಶದವನೇ. ಪಂಪನು ಕನ್ನಡದಲ್ಲಿ ಲೌಕಿಕ ಮತ್ತು ಆಗಮಿಕ ಕಾವ್ಯಗಳನ್ನು ಬೇರೆಬೇರೆಯಾಗಿ ರಚಿಸಿದಂತೆ, ಸೋಮದೇವನು ಸಂಸ್ಕೃತದಲ್ಲಿ ಧರ್ಮಪ್ರಧಾನವಾದ ಯಶಸ್ತಿಲಕವನ್ನೂ ಲೋಕವ್ಯವಹಾರಪ್ರಧಾನವಾದ ‘ನೀತಿವಾಕ್ಯಾಮೃತ’ವನ್ನೂ ರಚಿಸಿದನು. ಯಶಸ್ತಿಲಕದ ನಂತರ ಬಂದ ಈ ಕೃತಿಯಲ್ಲಿ 32 ಸಮುದ್ದೇಶಗಳಿವೆ. ಮಂಗಳಶ್ಲೋಕ ಮುಗಿದೊಡನೆ ಬರುವ ಮೊದಲ ಸೂತ್ರದಲ್ಲಿ ನಮಸ್ಕಾರ ಸಲ್ಲುವುದು ಯಾವ ದೇವತೆಗೂ ಅಲ್ಲ, ಪುರುಷಾರ್ಥಗಳನ್ನು ಫಲವಾಗಿ ಕೊಡುವ ರಾಜ್ಯಕ್ಕೆ. ಗ್ರಂಥದ ದೃಷ್ಟಿ ಎಂತಹುದೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಸಂಪತ್ತಿನ ಬಗೆಗೆ ಸೋಮದೇವನಿಗೆ ತಿರಸ್ಕಾರವಿಲ್ಲ. ಎಲ್ಲ ಪ್ರಯೋಜನಗಳೂ ಯಾವುದರಿಂದ ಸಿದ್ಧಿಸುತ್ತವೆಯೋ ಅದೇ ಅರ್ಥ ಎಂಬುದು ಅವನ ನಿರೂಪಣೆ. ಇಲ್ಲದ್ದನ್ನು ಪಡೆಯುವುದು, ಪಡೆದದ್ದನ್ನು ಕಾಯುವುದು, ಕಾಯ್ದದ್ದನ್ನು ಬೆಳೆಸುವುದು, ಈ ಮೂರೂ ಅವನಿಗೆ ಒಪ್ಪಿತ. ಸಂಪತ್ತು ಹಾಳಾಗುವ ದಾರಿಗಳೂ ಮೂರು. ಗಳಿಸಿದ್ದನ್ನು ವಿಚಾರವಿಲ್ಲದೆ ಆಗಿಂದಾಗಲೇ ವ್ಯಯಮಾಡುವವನು ತಾದಾತ್ವಿಕ. ಹಿರಿಯರ ಗಳಿಕೆಯನ್ನು ಅನ್ಯಾಯವಾಗಿ ತಿಂದು ಮುಗಿಸುವವನು ಮೂಲಹರ. ಆಳುಗಳನ್ನೂ ತನ್ನನ್ನೂ ಪೀಡಿಸಿ ಕೂಡಿಡುವವನು ಕದರ್ಯ. ಈ ಮೂರು ಹೆಸರುಗಳು ಕೌಟಿಲ್ಯನ ಅರ್ಥಶಾಸ್ತ್ರದಿಂದ ಬಂದವು. ಆದರೆ ಕೌಟಿಲ್ಯನು ಇವನ್ನು ಬಳಸುವುದು ಅಧಿಕಾರಿಗಳ ನಡತೆಯನ್ನು ಪರೀಕ್ಷಿಸುವ ಸಂದರ್ಭದಲ್ಲಿ; ಸೋಮದೇವನು ಇವನ್ನು ಧನಿಕರೆಲ್ಲರಿಗೂ ಅನ್ವಯಿಸುತ್ತಾನೆ. ಕದರ್ಯನ ವಿವರಣೆಯಲ್ಲಿ ದುಡಿಯುವ ಆಳಿನ ನೋವು ಮೊದಲು ಬರುವುದನ್ನು ಗಮನಿಸಬೇಕು. ಕೂಡಿಟ್ಟ ಹಣದ ಹಿಂದೆ ಯಾರದೋ ಕೊರತೆಯಿರಬಹುದೆಂಬ ಅರಿವು ಅಲ್ಲಿದೆ. ಅಂತಹ ಸಂಚಯವು ಕಡೆಗೆ ಅರಸನಿಗೋ ದಾಯಾದಿಗಳಿಗೋ ಕಳ್ಳರಿಗೋ ನಿಧಿಯಾಗುತ್ತದೆಂದೂ, ಸತ್ಪಾತ್ರಕ್ಕೆ ಸಲ್ಲದ ಸಂಪತ್ತು ಜೇನುಹುಟ್ಟಿನಂತೆ ಪೂರ್ತಿಯಾಗಿ ನಾಶವಾಗುತ್ತದೆಂದೂ ಅವನು ಹೇಳುತ್ತಾನೆ.

ತೆರಿಗೆಯ ವಿಷಯದಲ್ಲಿ ಸೋಮದೇವನ ಮೊದಲ ಎಚ್ಚರಿಕೆ ಅರಸನಿಗೇ. ಹಾಲುಗಾಳಿರುವ ತೆನೆಯ ಮೇಲೆ ಕಂದಾಯ ಎತ್ತಿದರೆ ಜನ ನಾಡನ್ನು ಬಿಟ್ಟು ಹೋಗುತ್ತಾರೆ. ಕೊಯ್ಲಿನ ಕಾಲದಲ್ಲಿ ಸೈನ್ಯವನ್ನು ನಡೆಸಿದರೆ ಬರ ಬರುತ್ತದೆ. ಸುಂಕವನ್ನು ಹೆಚ್ಚಿಸಿದರೆ, ಸರಕನ್ನು ಬಲಾತ್ಕಾರವಾಗಿ ಕಿತ್ತುಕೊಂಡರೆ, ಪರದೇಶದ ಸರಕು ಒಳಗೆ ಬರುವುದೇ ನಿಲ್ಲುತ್ತದೆ. ಪ್ರಜೆಯನ್ನು ಹಿಂಡಿ ಪಡೆದ ಆದಾಯವನ್ನು ಅವನು ಮರ ಕಡಿದು ಹಣ್ಣು ತಿನ್ನುವುದಕ್ಕೆ ಹೋಲಿಸುತ್ತಾನೆ: ಆ ಫಲ ಒಂದೇ ಸಲದ್ದು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಮುಂದಿನ ಚಾಲುಕ್ಯ ಶಾಸನಗಳು ಬಗೆಬಗೆಯ ಸುಂಕಗಳನ್ನು ಎಣಿಸುವುದನ್ನು ನೋಡಿದರೆ, ವ್ಯಾಪಾರದ ಹಾದಿಯ ಸುಂಕಗಳು ಆ ಕಾಲದ ಅರಸೊತ್ತಿಗೆಗಳಿಗೆ ಎಷ್ಟು ಮುಖ್ಯವಾಗಿದ್ದುವೆಂಬುದು ತಿಳಿಯುತ್ತದೆ. ನ್ಯಾಯದಿಂದ ಕಾಪಾಡಲ್ಪಟ್ಟ ಪೇಟೆ ಅರಸನಿಗೆ ಕಾಮಧೇನು ಎಂಬ ಮಾತಿನಲ್ಲಿ ಒತ್ತು ಇರುವುದು ‘ನ್ಯಾಯ’ ಎಂಬ ಪದದ ಮೇಲೆ.

ಆ ನ್ಯಾಯ ವರ್ತಕನಿಗೂ ಅನ್ವಯಿಸುತ್ತದೆ. ಸೋಮದೇವನು ವಣಿಜರನ್ನು ಕಣ್ಣೆದುರಿಗೇ ಕದಿಯುವವರೆಂದು ಕಟುವಾಗಿ ಕರೆದಿದ್ದಾನೆ. ಜೈನಧರ್ಮದ ಬಹುದೊಡ್ಡ ಪೋಷಕವರ್ಗಗಳಲ್ಲಿ ವರ್ತಕರೂ ಒಬ್ಬರಾಗಿದ್ದ ಕಾಲದಲ್ಲಿ ಜೈನಾಚಾರ್ಯನೊಬ್ಬನು ಹೀಗೆ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ. ತೂಕ ಮತ್ತು ಅಳತೆಗಳ ಅವ್ಯವಸ್ಥೆ ವ್ಯವಹಾರವನ್ನೇ ಕೆಡಿಸುತ್ತದೆ. ವರ್ತಕರು ತಾವೇ ಕಟ್ಟಿದ ಬೆಲೆ ಊರವರನ್ನೂ ಹೊರಗಿನಿಂದ ಬಂದವರನ್ನೂ ಪೀಡಿಸುತ್ತದೆ. ದೇಶ, ಕಾಲ, ಸರಕು ಇವುಗಳನ್ನು ನೋಡಿ ಬೆಲೆ ನಿಗದಿಯಾಗಬೇಕು. ಈ ವಿಷಯದಲ್ಲಿ ಅರಸನು ಸ್ವತಃ ಎಚ್ಚರವಾಗಿರಬೇಕು. ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿದರೆ ಮಾರುವವನಿಗೆ ಸಲ್ಲುವುದು ಯೋಗ್ಯವಾದ ಮೂಲ್ಯ ಮಾತ್ರ, ಏರಿಕೆಯ ಭಾಗ ಅರಸನದು. ಈ ನಿಯಮಕ್ಕೆ ಕೌಟಿಲ್ಯನಲ್ಲಿ ಮೂಲವಿದೆ. ಕೌಟಿಲ್ಯನು ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಎಂದು ಲಾಭದ ಮಿತಿಯನ್ನೂ ಹೇಳಿದ್ದನು. ಸೋಮದೇವನು ಅಂಕಿಗಳಿಗಿಂತ ತತ್ತ್ವಕ್ಕೆ ಹೆಚ್ಚು ಗಮನ ಕೊಡುತ್ತಾನೆ: ದುಡಿಮೆಯಿಂದ ಬಾರದೆ ಸನ್ನಿವೇಶದಿಂದ ಬಂದ ಲಾಭಕ್ಕೆ ಸಮಾಜವೂ ಹಕ್ಕುದಾರ. ಅನ್ಯಾಯದ ಬಡ್ಡಿಯಿಂದ ಬೆಳೆಯುವವರು ರಾಜ್ಯತಂತ್ರವನ್ನೂ ದೇಶವನ್ನೂ ನಾಶಮಾಡುತ್ತಾರೆಂಬ ಮಾತೂ ಇದೇ ತತ್ತ್ವದ ವಿಸ್ತರಣೆ.

ಗ್ರಂಥದ ಅರ್ಥನೀತಿಯ ಹೃದಯವಿರುವುದು ಕೋಶಸಮುದ್ದೇಶದಲ್ಲಿ. ಭಂಡಾರ ಬರಿದಾದಾಗ ಅರಸನು ಯಾರಿಂದ ಪಡೆಯಬೇಕು? ಸೋಮದೇವನ ಪಟ್ಟಿಯಲ್ಲಿ ಮೂರು ಹಂತಗಳಿವೆ. ಮೊದಲನೆಯದು ದೇವರು, ದ್ವಿಜರು ಮತ್ತು ವಣಿಜರ ದ್ರವ್ಯದಲ್ಲಿ ಧರ್ಮಕಾರ್ಯಕ್ಕೂ ಯಜ್ಞಕ್ಕೂ ಪರಿಜನರ ಪೋಷಣೆಗೂ ಬೇಕಾಗದೆ ಉಳಿದ ಭಾಗ. ಎರಡನೆಯದು ಸಿರಿವಂತರು, ವಿಧವೆಯರು, ಅಧಿಕಾರಿಗಳು, ಗ್ರಾಮದ ಮುಖ್ಯಸ್ಥರು, ಗಣಿಕೆಯರ ಸಂಘಗಳು, ಪಾಷಂಡಿಗಳು ಇವರ ವೈಭವದ ಒಂದು ಪಾಲು. ಜೊತೆಗೆ ಸಮೃದ್ಧರಾದ ಪೌರ-ಜಾನಪದರಲ್ಲಿ ಪಾಲಿಗಾಗಿ ಪ್ರಾರ್ಥನೆ. ಮೂರನೆಯದು ಕುಂದದ ಸಂಪತ್ತುಳ್ಳ ಮಂತ್ರಿ, ಪುರೋಹಿತ, ಸಾಮಂತರನ್ನು ಅನುನಯದಿಂದ ಒಲಿಸಿ ಪಡೆಯುವುದು. ಇಷ್ಟು ಉದ್ದದ ಪಟ್ಟಿಯಲ್ಲಿ ಬಡ ಒಕ್ಕಲಿಗನ ಹೆಸರಿಲ್ಲ, ಕೂಲಿಯಾಳಿನ ಹೆಸರಿಲ್ಲ.

ಇಲ್ಲಿ ಕೇಂದ್ರವಾಗಿರುವ ಪದ ‘ಅನುಪಯೋಗಿ’. ತೆರಿಗೆ ಎಷ್ಟು ಎಂಬ ಪ್ರಶ್ನೆಗಿಂತ ಯಾವ ಸಂಪತ್ತಿನಿಂದ ಎಂಬ ಪ್ರಶ್ನೆ ಸೋಮದೇವನಿಗೆ ಮುಖ್ಯ. ದೇವಾಲಯದ ದೀಪ ಆರಬಾರದು, ವರ್ತಕನ ಮನೆಯವರು ಉಪವಾಸ ಬೀಳಬಾರದು. ಆದರೆ ದೀಪಕ್ಕೂ ಊಟಕ್ಕೂ ಬೇಕಾಗದೆ ಪೆಟ್ಟಿಗೆಯಲ್ಲಿರುವ ಹೊನ್ನು ನಾಡಿನ ಸಂಕಟದಲ್ಲಿ ನಾಡಿನದು. ಕೌಟಿಲ್ಯನು ಇದೇ ಸಂದರ್ಭದಲ್ಲಿ ಕೃಷಿಕರಿಂದ ಧಾನ್ಯದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗವನ್ನು ಬೇಡಬಹುದೆನ್ನುತ್ತಾನೆ. ದೇವತೆಗಳ ಹೆಸರಿನಲ್ಲಿ ಕಪಟೋಪಾಯ ಹೂಡಿ ಹಣ ಕೂಡಿಸುವ ದಾರಿಗಳನ್ನೂ ವಿವರಿಸುತ್ತಾನೆ. ಸೋಮದೇವನ ಸೂತ್ರವಾದರೋ ಮಿಗಿಲಾದದ್ದು ಇರುವ ಕಡೆಗೆ ನೇರವಾಗಿ ಬೊಟ್ಟುಮಾಡುತ್ತದೆ. ಅಧಿಕಾರಿಗಳ ವಿಷಯದಲ್ಲಂತೂ ಅವನಿಗೆ ಸಂಕೋಚವೇ ಇಲ್ಲ: ಹಿಂಡದ ಹೊರತು ಕೀವನ್ನು ಬಿಡದ ಹುಣ್ಣಿಗೆ ಅವರನ್ನು ಹೋಲಿಸಿ, ಒಮ್ಮೆ ಹಿಂಡಿದರೆ ಸಾಲದೆನ್ನುತ್ತಾನೆ.

ಈ ಪಟ್ಟಿಯನ್ನು ಪೂರ್ಣವಾಗಿ ಮೆಚ್ಚುವಂತಿಲ್ಲ. ಮಿಗಿಲಾದ ಸಂಪತ್ತೇ ಅಳತೆಗೋಲಾಗಿದ್ದಲ್ಲಿ ವಿಧವೆಯನ್ನೂ ಪಾಷಂಡಿಯನ್ನೂ ಬೇರೆಯಾಗಿ ಹೆಸರಿಸುವ ಅಗತ್ಯವಿರಲಿಲ್ಲ. ಎದುರುನಿಲ್ಲಲು ಬಂಧುಬಲವಿಲ್ಲದವರನ್ನೂ ಮತದಿಂದ ಹೊರಗಿನವರನ್ನೂ ಎರಡನೆಯ ಹಂತದಲ್ಲಿಟ್ಟು, ಬಲಿಷ್ಠರಾದ ಸಾಮಂತರನ್ನು ಕೊನೆಗಿಟ್ಟು ಅವರಿಗೆ ಮಾತ್ರ ಅನುನಯವನ್ನು ಹೇಳಿರುವುದರಲ್ಲಿ ಆ ಕಾಲದ ಅಧಿಕಾರದ ಲೆಕ್ಕಾಚಾರ ಎದ್ದುಕಾಣುತ್ತದೆ. ತತ್ತ್ವ ಎಲ್ಲರಿಗೂ ಒಂದೇ ಆಗಿದ್ದರೂ ವಸೂಲಿಯ ಕೈ ಎಲ್ಲರ ಮೇಲೂ ಒಂದೇ ಭಾರದಿಂದ ಬೀಳುವುದಿಲ್ಲ.

ಜೈನ ಶ್ರಾವಕಾಚಾರದ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಈ ನೀತಿಗೆ ಇನ್ನೊಂದು ಆಯಾಮ ದೊರೆಯುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಕಳ್ಳ ತೂಕ-ಅಳತೆ, ನಕಲಿ ವಸ್ತುವಿನ ವ್ಯವಹಾರ, ವಿರುದ್ಧರಾಜ್ಯಾತಿಕ್ರಮ ಇವನ್ನು ಸೇರಿಸುತ್ತದೆ. ಕೊನೆಯದನ್ನು ವಿವರಿಸುತ್ತ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ, ರಾಜ್ಯ ಕದಡಿದ ಸಮಯದಲ್ಲಿ ಬೆಲೆಬಾಳುವ ವಸ್ತುಗಳನ್ನು ಅಲ್ಪಬೆಲೆಗೆ ದಕ್ಕಿಸಿಕೊಳ್ಳುವ ಯತ್ನವನ್ನು ಗುರುತಿಸುತ್ತಾರೆ. ಸೋಮದೇವನೂ ಅಲ್ಪದ್ರವ್ಯಕ್ಕೆ ಮಹಾಮೂಲ್ಯದ ಸರಕನ್ನು ಕೊಂಡವನಿಗೆ ಅವನು ಕೊಟ್ಟ ಹಣ ನಷ್ಟವಾಗದಂತೆ ನೋಡಿಕೊಂಡು, ಸರಕನ್ನು ಅರಸನು ತೆಗೆದುಕೊಳ್ಳಬೇಕೆನ್ನುತ್ತಾನೆ. ದೋಷ ಒಂದೇ, ಒಂದು ಕಡೆ ಅದು ವ್ರತದ ಭಂಗ, ಇನ್ನೊಂದು ಕಡೆ ಶಾಸನದ ವಿಷಯ. ಯಶಸ್ತಿಲಕದ ಕೊನೆಯ ಮೂರು ಆಶ್ವಾಸಗಳಾದ ಉಪಾಸಕಾಧ್ಯಯನದಲ್ಲಿ ಸೋಮದೇವನು ಗೃಹಸ್ಥನ ವ್ರತಗಳನ್ನು ಬೋಧಿಸಿದನು. ಪರಿಗ್ರಹಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು ಅವುಗಳಲ್ಲಿ ಒಂದು. ನೀತಿವಾಕ್ಯಾಮೃತದಲ್ಲಿ ಅವನು ಅದೇ ಮಿತಿಯನ್ನು ಅರಸನ ಕೈಗೆ ಕೊಟ್ಟನು. ತಾನಾಗಿ ಮಿತಿ ಹಾಕಿಕೊಳ್ಳುವವನಿಗೆ ವ್ರತ ಸಾಕು. ಹಾಕಿಕೊಳ್ಳದವನಿಗಾಗಿ ರಾಜ್ಯ ಬೇಕು.

ಬಂಡವಾಳಶಾಹಿ ಎಂಬ ಪದವನ್ನು ಹತ್ತನೆಯ ಶತಮಾನಕ್ಕೆ ಅಂಟಿಸುವುದು ಸರಿಯಲ್ಲ. ಅಂದಿನ ಅರಸನು ಪ್ರಜೆಗಳಿಗೆ ಉತ್ತರಿಸಬೇಕಾದ ಸರಕಾರವೂ ಆಗಿರಲಿಲ್ಲ. ಆದರೂ ಕೂಡಿಟ್ಟ ಸಂಪತ್ತಿಗೆ ತೆರಿಗೆ ಬೇಕೆ, ಸನ್ನಿವೇಶದ ಲಾಭ ಯಾರದು, ಧಾರ್ಮಿಕ ಸಂಸ್ಥೆಗಳ ವಿನಾಯತಿ ಎಲ್ಲಿಯವರೆಗೆ ಎಂಬ ಪ್ರಶ್ನೆಗಳನ್ನು ಕೇಳುವವರು ವನಿಕಟುಪುಲುವಿನ ತಾಮ್ರಪಟವನ್ನೂ ಕೋಶಸಮುದ್ದೇಶವನ್ನೂ ಒಟ್ಟಿಗೆ ಇಟ್ಟು ಓದಬೇಕು. ದಾನಪತ್ರದಲ್ಲಿ ಆ ಗ್ರಾಮದ ಆದಾಯ ಬಸದಿಯ ದುರಸ್ತಿಗೆ, ಸುಣ್ಣಕ್ಕೆ, ನೈವೇದ್ಯಕ್ಕೆ ಎಂದು ಹೇಳಲಾಗಿದೆ. ಸೋಮದೇವನ ಸೂತ್ರದ ಪ್ರಕಾರ ಅಷ್ಟೂ ಉಪಯೋಗಿ ದ್ರವ್ಯ, ಅದನ್ನು ಅರಸನು ಮುಟ್ಟುವಂತಿಲ್ಲ. ಸುಣ್ಣ ಬಳಿದು, ಬಿರುಕು ಮುಚ್ಚಿ, ನೈವೇದ್ಯ ಸಂದ ಮೇಲೆಯೂ ಮಿಕ್ಕಿದ್ದರೆ, ಅದನ್ನು ನಾಡಿನ ಸಂಕಟಕಾಲದಲ್ಲಿ ಕೇಳುವ ಅಧಿಕಾರವನ್ನು ಆ ಬಸದಿಯ ಆಚಾರ್ಯನೇ ಬರೆದುಕೊಟ್ಟಿದ್ದಾನೆ.