ಅಂಗಡಿ ಲೆಕ್ಕ, ಮದುವೆ ಫೋಟೊ, ಸಿಸಿಟಿವಿ: ಯಾವುದಕ್ಕೆ ಯಾವ ಹಾರ್ಡ್ ಡಿಸ್ಕ್?

ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತರಬಹುದು. ಅದರೊಳಗಿನ ಲೆಕ್ಕ ಹೋದರೆ? ಜಿಎಸ್‌ಟಿ ಕಾಯ್ದೆ ಪ್ರಕಾರ ಯಾವುದೇ ವರ್ಷದ ಲೆಕ್ಕಪತ್ರವನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ ಡಿಸ್ಕ್ ತಗೊಳ್ಳುವಾಗ ರೇಟ್ ಒಂದೇ ನೋಡಿದರೆ ಸಾಲದು. ಸದ್ದು, ಕರೆಂಟು, ಬಾಳಿಕೆ ಮೂರನ್ನೂ ನೋಡಬೇಕು.

ಸದ್ದು ಯಾಕೆ ಬರುತ್ತೆ?

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತಿರುತ್ತವೆ. ನಿಮಿಷಕ್ಕೆ 5400 ಸುತ್ತು, 7200 ಸುತ್ತು ಎಂಬ ಎರಡು ಬಗೆ ಸಾಮಾನ್ಯ. 5400ರದ್ದು ಸ್ವಲ್ಪ ನಿಧಾನ, ಆದರೆ ಸದ್ದು, ಬಿಸಿ ಎರಡೂ ಕಡಿಮೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದೂ ಇಲ್ಲ.

ಕರೆಂಟ್ ಎಷ್ಟು ಎಳೆಯುತ್ತೆ?

7200 ಸುತ್ತಿನ 3.5 ಇಂಚಿನ ಡಿಸ್ಕ್ ಕೆಲಸ ಮಾಡುವಾಗ ಸುಮಾರು 6ರಿಂದ 8 ವ್ಯಾಟ್ ಬೇಕು. 2.5 ಇಂಚಿನದ್ದಕ್ಕೆ 2 ವ್ಯಾಟ್ ಆಸುಪಾಸು. ಹಗಲು ರಾತ್ರಿ ಓಡಿದರೆ ತಿಂಗಳಿಗೆ ಮೊದಲನೆಯದು ಸುಮಾರು 5 ಯೂನಿಟ್, ಎರಡನೆಯದು ಒಂದೂವರೆ ಯೂನಿಟ್. ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಬಿಸಿ ಕಡಿಮೆ, ಯುಪಿಎಸ್ ಮೇಲೂ ಭಾರ ಕಡಿಮೆ.

ಯಾರಿಗೆ ಯಾವುದು?

ಕಿರಾಣಿ, ಮೆಡಿಕಲ್ ಅಂಗಡಿ: ವಿಂಡೋಸ್, ಟ್ಯಾಲಿಗೆ 250 ಅಥವಾ 500 ಜಿಬಿ ಎಸ್‌ಎಸ್‌ಡಿ ಸಾಕು. ಬ್ಯಾಕಪ್‌ಗೆ 2.5 ಇಂಚಿನ ಯುಎಸ್‌ಬಿ ಡಿಸ್ಕ್ ಸಾಕಾಗುತ್ತೆ, ಅದಕ್ಕೆ ಬೇರೆ ಅಡಾಪ್ಟರ್ ಬೇಡ.

ಫೋಟೊ ಸ್ಟುಡಿಯೊ: ಜಾಗ ಜಾಸ್ತಿ ಬೇಕು, 3.5 ಇಂಚಿನ 5400 ಸುತ್ತಿನದ್ದು ಒಳ್ಳೇದು. ಅಂಗಡಿಯಲ್ಲಿ ‘ಸಿಎಂಆರ್’ ಡಿಸ್ಕ್ ಬೇಕು ಎಂದು ಕೇಳಿ. ‘ಎಸ್‌ಎಂಆರ್’ ಬಗೆಯದು ತುಂಬಾ ಡೇಟಾ ಅಳಿಸಿ ಬರೆಯುವಾಗ ತೀರಾ ನಿಧಾನವಾಗುತ್ತೆ. ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ‘ರೆಡ್’ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಹಾಗಾಗಿ ಹೆಸರು ನೋಡಿದರೆ ಸಾಲದು, ಮಾಡೆಲ್ ನಂಬರ್ ನೋಡಿ.

ಸಿಸಿಟಿವಿ: ಡಿವಿಆರ್ ದಿನವಿಡೀ ಬರೆಯುತ್ತಲೇ ಇರುತ್ತೆ. ಇದಕ್ಕೆಂದೇ ಮಾಡಿದ ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್ ಹಾಕಿಸಿ. ಹಳೇ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಹಾಕಿಸಬೇಡಿ.

ತಂದ ಮೇಲೆ ಇಷ್ಟು ಮಾಡಿ

ಸೀರಿಯಲ್ ನಂಬರನ್ನು ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ಎಷ್ಟಿದೆ ನೋಡಿ. ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಬರುತ್ತೆ. ಹೊಸದು ಅಂತ ಕೊಟ್ಟಿದ್ದು ಸಾವಿರಾರು ಗಂಟೆ ತೋರಿಸಿದರೆ ಅದು ಹಳೇ ಮಾಲು, ವಾಪಸ್ ಕೊಡಿ. ಹಳದಿ ಬಣ್ಣದಲ್ಲಿ ‘ಕಾಷನ್’ ಬಂದರೆ ಡೇಟಾ ತಕ್ಷಣ ಬೇರೆಡೆ ಕಾಪಿ ಮಾಡಿ. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ತೋರಿಸೋದು ಮಾತ್ರ ಮೋಸ ಅಲ್ಲ, ಅದು ಎಣಿಕೆ ಕ್ರಮದ ವ್ಯತ್ಯಾಸ.

ಎಷ್ಟೇ ಒಳ್ಳೆ ಡಿಸ್ಕ್ ಆದರೂ ಒಂದು ದಿನ ಕೈಕೊಡುತ್ತೆ. ಕರೆಂಟ್ ಹೋಗಿ ಬರುವ ಊರಲ್ಲಿ ಯುಪಿಎಸ್ ಇರಲೇಬೇಕು. ಸಂಜೆ ಬಾಗಿಲು ಹಾಕುವ ಮುಂಚೆ ಬ್ಯಾಕಪ್ ತೆಗೆದು, ಡಿಸ್ಕ್ ಬಿಚ್ಚಿ ಮನೆಗೆ ಒಯ್ಯಿರಿ. ಸಿಡಿಲು ಬಡಿದರೂ, ವೈರಸ್ ಬಂದರೂ ಆ ಒಂದು ಪ್ರತಿ ಉಳಿಯುತ್ತೆ. ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದಿದ್ದರೆ ಎಸ್‌ಎಸ್‌ಡಿ ಬೇಡ. ಕರೆಂಟ್ ಕೊಡದೆ ಬಹಳ ಕಾಲ ಇಟ್ಟರೆ ಅದರಲ್ಲಿನ ಡೇಟಾ ಅಳಿಯಬಹುದು.