ಹಾಕಿ ಇಂಡಿಯಾ ಲೀಗ್ 2024-25: 8 ಟೀಮು, 44 ಪಂದ್ಯ, ಕರ್ನಾಟಕದ ಹೆಸರೇ ಇಲ್ಲ – ಇಲ್ಲಿದೆ ಪೂರ್ತಿ ಮಾಹಿತಿ

ಮಡಿಕೇರಿ: ಕ್ರಿಕೆಟ್‌ಗೆ ಐಪಿಎಲ್ ಹೇಗೋ ಹಾಕಿಗೆ ಹಾಕಿ ಇಂಡಿಯಾ ಲೀಗ್ ಹಾಗೆ. 2017ರ ನಂತರ ನಿಂತೇ ಹೋಗಿದ್ದ ಈ ಲೀಗ್ ಏಳು ವರ್ಷದ ಮೇಲೆ ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್ 28ರಂದು. 2025ರ ಫೆಬ್ರವರಿ 1ರಂದು ಫೈನಲ್ ನಡೆದು ಬೆಂಗಾಲ್ ಟೈಗರ್ಸ್ ಕಪ್ ಎತ್ತಿತು. ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆ ಹುಡುಕೋದು ಕಷ್ಟ. ಆದರೂ ಈ ಲೀಗಿನಲ್ಲಿ "ನಮ್ಮ ಟೀಮು ಯಾವುದು?" ಅಂತ ಮಕ್ಕಳು ಕೇಳಿದರೆ ಹೇಳೋಕೆ ಉತ್ತರವಿಲ್ಲ. ಯಾಕೆ ಅನ್ನೋದನ್ನ ಕೊನೆಯಲ್ಲಿ ನೋಡೋಣ. ಮೊದಲು ಲೀಗಿನ ವಿವರ.

ಆಡಿದ ಟೀಮುಗಳು

ಪುರುಷರ ವಿಭಾಗದಲ್ಲಿ ಎಂಟು ತಂಡಗಳಿದ್ದವು:

- ಶ್ರಾಚಿ ರಾರ್ ಬೆಂಗಾಲ್ ಟೈಗರ್ಸ್
- ಹೈದರಾಬಾದ್ ತೂಫಾನ್ಸ್
- ಸೂರ್ಮಾ ಹಾಕಿ ಕ್ಲಬ್ (ಪಂಜಾಬ್-ಹರಿಯಾಣ)
- ತಮಿಳುನಾಡು ಡ್ರ್ಯಾಗನ್ಸ್
- ಕಳಿಂಗ ಲ್ಯಾನ್ಸರ್ಸ್ (ಒಡಿಶಾ)
- ಯುಪಿ ರುದ್ರಾಸ್
- ಡೆಲ್ಲಿ ಎಸ್‌ಜಿ ಪೈಪರ್ಸ್
- ಟೀಮ್ ಗೋನಾಸಿಕ (ವಿಶಾಖಪಟ್ಟಣ)

ಪಂದ್ಯಗಳು ನಡೆದದ್ದು ಒಡಿಶಾದ ರೂರ್ಕೆಲಾ ಮತ್ತು ಜಾರ್ಖಂಡ್‌ನ ರಾಂಚಿಯಲ್ಲಿ. ರೂರ್ಕೆಲಾದ ಬಿರ್ಸಾ ಮುಂಡಾ ಸ್ಟೇಡಿಯಂನಲ್ಲಿ 20 ಸಾವಿರಕ್ಕೂ ಹೆಚ್ಚು ಸೀಟುಗಳಿವೆ. ಮಹಿಳೆಯರ ಲೀಗ್ ಕೂಡ ಇದೇ ಸಲ ಮೊದಲ ಬಾರಿಗೆ ನಾಲ್ಕು ತಂಡಗಳೊಂದಿಗೆ ನಡೆಯಿತು. ಅದರಲ್ಲಿ ಗೆದ್ದದ್ದು ಒಡಿಶಾ ವಾರಿಯರ್ಸ್.

ಹರಾಜು ಹೇಗಿತ್ತು?

2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಟಗಾರರ ಹರಾಜು ನಡೆಯಿತು. ಪುರುಷರ ಪ್ರತಿ ತಂಡಕ್ಕೆ ಖರ್ಚು ಮಾಡಲು ಕೊಟ್ಟ ಮಿತಿ 4 ಕೋಟಿ ರೂಪಾಯಿ. ಮೂಲ ಬೆಲೆ 2 ಲಕ್ಷ, 5 ಲಕ್ಷ, 10 ಲಕ್ಷ ಅಂತ ಮೂರು ದರ್ಜೆ.

ದುಬಾರಿ ಆಟಗಾರ ಅಂದ್ರೆ ಆಗ ಭಾರತ ತಂಡದ ನಾಯಕರಾಗಿದ್ದ ಹರ್ಮನ್‌ಪ್ರೀತ್ ಸಿಂಗ್. ಸೂರ್ಮಾ ಕ್ಲಬ್ ಇವರಿಗೆ ಕೊಟ್ಟದ್ದು 78 ಲಕ್ಷ. ಅಭಿಷೇಕ್ 72 ಲಕ್ಷಕ್ಕೆ ಬೆಂಗಾಲ್‌ಗೆ, ಹಾರ್ದಿಕ್ ಸಿಂಗ್ 70 ಲಕ್ಷಕ್ಕೆ ಯುಪಿಗೆ ಹೋದರು. ವಿದೇಶಿಯರಲ್ಲಿ ಜರ್ಮನಿಯ ಗೊಂಜಾಲೊ ಪೆಯ್ಲಾಟ್ 68 ಲಕ್ಷಕ್ಕೆ ಹೈದರಾಬಾದ್ ಪಾಲಾದರು.

ನಮ್ಮ ಕಡೆಯ ಹುಡುಗರು ಗಮನಿಸಬೇಕಾದ ವಿಷಯ ಇದು: ಪ್ರತಿ ತಂಡದಲ್ಲಿ 24 ಆಟಗಾರರು. ಅದರಲ್ಲಿ ಕನಿಷ್ಠ 16 ಭಾರತೀಯರು, 8 ವಿದೇಶಿಯರು. ಆ 16ರಲ್ಲಿ ನಾಲ್ವರು ಜೂನಿಯರ್‌ಗಳು ಇರಲೇಬೇಕಿತ್ತು. ಎಂಟು ತಂಡಕ್ಕೆ ಲೆಕ್ಕ ಹಾಕಿದರೆ ಜೂನಿಯರ್‌ಗಳಿಗೇ 32 ಜಾಗ. ಒಲಿಂಪಿಕ್ಸ್ ಆಡಿದವರ ಜೊತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ತಿಂಗಳು ಇರೋ ಅವಕಾಶ ಅದು.

ಪಂದ್ಯದ ನಿಯಮ

ಮೊದಲ ಸುತ್ತಿನಲ್ಲಿ ಎಲ್ಲ ತಂಡಗಳೂ ಒಬ್ಬರ ಮೇಲೊಬ್ಬರು ಒಂದೊಂದು ಸಲ ಆಡಿದವು. ಎರಡನೇ ಸುತ್ತಿನಲ್ಲಿ ನಾಲ್ಕು ನಾಲ್ಕು ತಂಡಗಳ ಎರಡು ಗುಂಪು. ಅಲ್ಲಿಗೆ ಪ್ರತಿ ತಂಡಕ್ಕೂ 10 ಪಂದ್ಯ. ಪಟ್ಟಿಯಲ್ಲಿ ಮೊದಲ ನಾಲ್ಕು ಸ್ಥಾನದವರು ಸೆಮಿಫೈನಲ್‌ಗೆ.

15 ನಿಮಿಷದ ನಾಲ್ಕು ಕ್ವಾರ್ಟರ್. ಪಂದ್ಯ ಸಮ ಆದರೆ ಹಾಗೇ ಬಿಡೋದಿಲ್ಲ, ಶೂಟೌಟ್ ಇರುತ್ತೆ. ಹಳೆಯ ಪೆನಾಲ್ಟಿ ಸ್ಟ್ರೋಕ್ ಅಲ್ಲ ಇದು. 23 ಮೀಟರ್ ಗೆರೆಯಿಂದ ಚೆಂಡು ತಗೊಂಡು ಓಡಿ, ಎದುರಿಗಿರೋ ಗೋಲ್‌ಕೀಪರ್‌ನ ದಾಟಿಸಿ 8 ಸೆಕೆಂಡಿನೊಳಗೆ ಗೋಲು ಹೊಡೀಬೇಕು. ಶೂಟೌಟ್‌ನಲ್ಲಿ ಸೋತ ತಂಡಕ್ಕೂ ಒಂದು ಅಂಕ ಸಿಗುತ್ತಿತ್ತು.

ಫೈನಲ್‌ನಲ್ಲಿ ಏನಾಯ್ತು?

ಬೆಂಗಾಲ್ ಟೈಗರ್ಸ್ ಸೆಮಿಫೈನಲ್‌ನಲ್ಲಿ ತಮಿಳುನಾಡನ್ನು ಶೂಟೌಟ್‌ನಲ್ಲಿ ಸೋಲಿಸಿ ಬಂತು. ಹೈದರಾಬಾದ್, ಸೂರ್ಮಾವನ್ನು ಸೋಲಿಸಿ ಬಂತು. ರೂರ್ಕೆಲಾದಲ್ಲಿ ನಡೆದ ಫೈನಲ್ ಕೊನೇ ಕ್ವಾರ್ಟರ್‌ವರೆಗೂ ಯಾರ ಕಡೆ ಅಂತ ಹೇಳೋಕಾಗದಂತಿತ್ತು.

9ನೇ ನಿಮಿಷದಲ್ಲಿ ಪೆಯ್ಲಾಟ್ ಗೋಲಿನಿಂದ ಹೈದರಾಬಾದ್ ಮುಂದೆ. 25ನೇ ನಿಮಿಷದಲ್ಲಿ ಜುಗರಾಜ್ ಸಿಂಗ್ ಸಮ ಮಾಡಿದರು. ಮರು ನಿಮಿಷಕ್ಕೇ ಅಮನ್‌ದೀಪ್ ಲಕ್ರಾ ಹೈದರಾಬಾದ್‌ಗೆ ಮತ್ತೆ ಮುನ್ನಡೆ ಕೊಟ್ಟರು. ವಿರಾಮದ ನಂತರ 32 ಮತ್ತು 35ನೇ ನಿಮಿಷದಲ್ಲಿ ಜುಗರಾಜ್ ಇನ್ನೆರಡು ಗೋಲು ಹೊಡೆದು ಹ್ಯಾಟ್ರಿಕ್ ಮುಗಿಸಿದರು. 39ನೇ ನಿಮಿಷದಲ್ಲಿ ಜೇಕಬ್ ಆಂಡರ್ಸನ್ ಗೋಲಿನಿಂದ 3-3. ಕೊನೆಗೆ 54ನೇ ನಿಮಿಷದಲ್ಲಿ ಸ್ಯಾಮ್ ಲೇನ್ ಹೊಡೆದ ಗೋಲು ಪಂದ್ಯ ತೀರ್ಮಾನ ಮಾಡಿತು. ಬೆಂಗಾಲ್ 4, ಹೈದರಾಬಾದ್ 3.

ಬಹುಮಾನ: ಗೆದ್ದವರಿಗೆ 3 ಕೋಟಿ, ಎರಡನೇ ಸ್ಥಾನಕ್ಕೆ 2 ಕೋಟಿ, ಮೂರನೇ ಸ್ಥಾನ ಪಡೆದ ಸೂರ್ಮಾಗೆ 1 ಕೋಟಿ. 12 ಗೋಲು ಹೊಡೆದ ಜುಗರಾಜ್ ಅತಿ ಹೆಚ್ಚು ಗೋಲು ಗಳಿಸಿದವರು.

ಕರ್ನಾಟಕ ಎಲ್ಲಿ?

ಲೀಗ್ ಹಾಕಿಯಲ್ಲಿ ಕರ್ನಾಟಕಕ್ಕೆ ಟೀಮೇ ಇರಲಿಲ್ಲ ಅಂತಲ್ಲ. ಇದಕ್ಕೂ ಮುಂಚೆ ನಡೀತಿದ್ದ ಪ್ರೀಮಿಯರ್ ಹಾಕಿ ಲೀಗಿನಲ್ಲಿ 2006ರಲ್ಲಿ ಬೆಂಗಳೂರು ಲಯನ್ಸ್, 2008ರಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ಚಾಂಪಿಯನ್. 2012ರ ವರ್ಲ್ಡ್ ಸಿರೀಸ್ ಹಾಕಿಯಲ್ಲಿ ನಮ್ಮ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು. ಆ ಎರಡೂ ಲೀಗ್‌ಗಳು ನಿಂತವು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಐದು ತಂಡಗಳಲ್ಲಿ ಕರ್ನಾಟಕ ಇರಲಿಲ್ಲ. 2017ರವರೆಗೂ ಬರಲಿಲ್ಲ. ಎಂಟು ತಂಡ ಆದಾಗಲೂ ಇಲ್ಲ.

ಆಟಗಾರರ ಕೊರತೆಯಂತೂ ಅಲ್ಲ. ಮೊದಲ ಹರಾಜಿನಲ್ಲೇ ಕೊಡಗಿನ ವಿ.ಆರ್. ರಘುನಾಥ್ 76 ಸಾವಿರ ಡಾಲರ್‌ಗೆ ಹೋಗಿ ಉತ್ತರ ಪ್ರದೇಶ ವಿಜಾರ್ಡ್ಸ್ ನಾಯಕರಾದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್ ಪರ ಆಡಿದರು. ಜನರ ಆಸಕ್ತಿ ಕಮ್ಮಿ ಅನ್ನೋ ಹಾಗೂ ಇಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ತಂಡಗಳೊಂದಿಗೆ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ, 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396 ಕುಟುಂಬ ತಂಡಗಳು ಬಂದಿದ್ದವು.

ಇಲ್ಲದಿರೋದು ದುಡ್ಡು ಹಾಕೋ ಮಾಲೀಕರು. ಲೀಗಿನ ತಂಡಗಳು ರಾಜ್ಯ ಹಾಕಿ ಸಂಸ್ಥೆಯವಲ್ಲ, ಕಂಪನಿಗಳು ಕೊಳ್ಳುವಂಥವು. ಆಟಗಾರರಿಗೇ 4 ಕೋಟಿ, ಅದರ ಮೇಲೆ ಕೋಚ್, ಓಡಾಟ, ಹೋಟೆಲು, ಎಲ್ಲಾ ಬೇರೆ. ಒಂದು ಉದಾಹರಣೆ ಸಾಕು: ಸೂರ್ಮಾ ಕ್ಲಬ್‌ನ ಮಾಲೀಕರು ಜೆಎಸ್‌ಡಬ್ಲ್ಯು. ಅದೇ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರೋದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಟೀಮು ಮಾತ್ರ ಪಂಜಾಬ್-ಹರಿಯಾಣದ್ದು.

ರಾಜ್ಯದ ತಂಡ ಇದ್ದರೆ ಆಯ್ಕೆಗಾರರ ಕಣ್ಣು ಮೊದಲು ಪೊನ್ನಂಪೇಟೆ, ಕೂಡಿಗೆಯ ಟರ್ಫ್ ಕಡೆ ಬೀಳ್ತಿತ್ತು. ಅಲ್ಲಿಯವರೆಗೆ ನಮ್ಮ ಹುಡುಗರು ಆ 32 ಜೂನಿಯರ್ ಜಾಗಗಳಿಗೆ ಬೇರೆ ರಾಜ್ಯದ ಹೆಸರಿನ ಜೆರ್ಸಿ ಹಾಕ್ಕೊಂಡೇ ಪೈಪೋಟಿ ಕೊಡಬೇಕು.