ಹಲಗಲಿಯ ಬಂದೂಕು: ಒಬ್ಬ ವಿದ್ಯಾರ್ಥಿಗೆ ತಡವಾಗಿ ಕೊಟ್ಟ ಉತ್ತರ

ಈ ಶಾಲೆಯಲ್ಲಿಯೇ ಕಲಿತು, ಮುಂದೆ ಇಲ್ಲಿಯೇ ಸಮಾಜ ವಿಜ್ಞಾನ ಕಲಿಸುವ ಭಾಗ್ಯ ನನಗೆ ಒದಗಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ನೆನಪಾದದ್ದು ಒಬ್ಬ ಹುಡುಗನ ಪ್ರಶ್ನೆ.

ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ‘ಹಲಗಲಿ ಬೇಡರು’ ಲಾವಣಿ ಇತ್ತು. ಕನ್ನಡ ಗುರುಗಳು ಅದನ್ನು ಮುಗಿಸಿದ ಮರುದಿನ ನಾನು 1857ರ ಪಾಠ ಎತ್ತಿಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು, “ಸರ್, ಒಂದ ಬಂದೂಕಿನ ಸಲುವಾಗಿ ಇಡೀ ಊರ ಸುಡಿಸ್ಕೊಂಡ್ರೇನ್ರಿ? ಕೊಟ್ಟಬಿಟ್ಟಿದ್ರ ಆಗ್ತಿರಲಿಲ್ಲೇನ್ರಿ?” ಎಂದ. ಎಲ್ಲರೂ ನಕ್ಕರು. “ಅದು ಸ್ವಾಭಿಮಾನದ ಪ್ರಶ್ನೆ, ಕೂಡು” ಎಂದು ಹೇಳಿ ಪಾಠ ಮುಂದುವರಿಸಿದೆ. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಹುಡುಗ ಕೇಳಿದ್ದು ಲೆಕ್ಕದ ಪ್ರಶ್ನೆ. ನಾನು ಕೊಟ್ಟದ್ದು ಭಾಷಣ.

ಹಲಗಲಿ ನಮಗೆ ದೂರದ ಊರಲ್ಲ, ಮುಧೋಳ ತಾಲೂಕಿನದು. ಆಗ ಅದು ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಆ ಕಡೆಯ ಕುರುಚಲು ಗುಡ್ಡಗಳನ್ನು ನೋಡಿದವರಿಗೆ ಬೇಡರ ಬದುಕು ಅರ್ಥವಾಗುತ್ತದೆ. ಇಂದು ಬೀಳಗಿ–ಮುಧೋಳ ಸೀಮೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ಅಭಯಾರಣ್ಯವಿದೆ. ಮಳೆ ಕಡಿಮೆ, ಹೊಲ ಕಲ್ಲು. ಬೇಟೆ, ಊರ ಕಾವಲು, ಪಾಳೆಗಾರರ ದಂಡಿನಲ್ಲಿ ಚಾಕರಿ, ಇವುಗಳಿಂದಲೇ ಬೇಡರ ಹೊಟ್ಟೆ ತುಂಬಬೇಕು. ಬಿಳಿಜೋಳದ ತೆನೆಗೆ ಬರುವ ಹಕ್ಕಿಗೆ ಕವಣೆ ಸಾಕು. ರಾತ್ರಿ ಬರುವ ಹಂದಿಗೆ ಸಾಲದು.

ಅವರ ಬಂದೂಕು ಈಗ ಸಿನಿಮಾದಲ್ಲಿ ಕಾಣುವಂಥದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಅರಿವೆ ತುರುಕಿ, ಗುಂಡು ಹಾಕಿ, ಸಲಾಕಿಯಿಂದ ಜಡಿಯಬೇಕು. ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹಸಿ ತಾಗಿದರೆ ಅದು ಹೊತ್ತುವುದಿಲ್ಲ. ಒಮ್ಮೆ ಹೊಡೆದರೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಇನ್ನೊಬ್ಬರ ಹೊಲದಲ್ಲಿರುತ್ತದೆ. ಆದರೂ ಹಳ್ಳಿಗೆ ಅದೇ ಸರಿ. ಕಾಡತೂಸಿಗಾಗಿ ಪೇಟೆಗೆ ಕೈಯೊಡ್ಡಬೇಕಿಲ್ಲ, ಕೆಟ್ಟರೆ ರಿಪೇರಿಗೆ ಊರ ಕಮ್ಮಾರನಿದ್ದಾನೆ. ಅಪ್ಪನದು ಮಗನಿಗೆ ಬರುತ್ತಿತ್ತು.

ಉತ್ತರದಲ್ಲಿ ಸಿಪಾಯಿಗಳು ಎದ್ದ ಮೇಲೆ, 1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ ಆಯುಧಗಳ ಕಾಯ್ದೆ ತಂದಿತು. ನಮ್ಮ ಜನ ಅದನ್ನು ನಿಶ್ಶಸ್ತ್ರೀಕರಣ ಕಾಯ್ದೆ ಎಂದೇ ಕರೆಯುತ್ತಾರೆ. ಆಯುಧ ಇದ್ದವರು ದಾಖಲು ಮಾಡಿಸಬೇಕು, ಪರವಾನಗಿ ಪಡೆಯಬೇಕು, ಇಲ್ಲವಾದರೆ ಒಪ್ಪಿಸಬೇಕು. ಬೇಡರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಇವರ ಮುಂದಾಳುತನದಲ್ಲಿ ಊರು ಒಂದಾಯಿತು, ಸುತ್ತಲ ಹಳ್ಳಿಗಳ ಬೇಡರೂ ಬಂದು ಕೂಡಿದರು. ನವೆಂಬರ್ ಕೊನೆಗೆ ಮಾಲ್ಕಂ, ಕೆರ್ ಎಂಬ ಅಧಿಕಾರಿಗಳ ಕುದುರೆ ದಂಡು ಹಲಗಲಿಯನ್ನು ಸುತ್ತುವರಿಯಿತು. ಬೇಡರು ಮನೆಗಳ ಮರೆಯಿಂದ ಹೊಡೆದರು. ಬಾಯಿಂದ ತುಂಬುವ ಬಂದೂಕು ಎಷ್ಟು ಹೊತ್ತು ತಾಳೀತು? ದಂಡಿನವರು ಊರಿಗೆ ಬೆಂಕಿ ಇಟ್ಟರು. ಸುಮಾರು 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿಯೇ, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದದ ಬಾಬಾಸಾಹೇಬರ ದಂಗೆಯ ಹಿಂದೆಯೂ ಆಯುಧ ಕಸಿದ ಸಿಟ್ಟು ಇತ್ತು.

ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಸುಟ್ಟವರ ಕಡೆಯವನೇ ಹಾಡು ಉಳಿಸಿದ! ಅದರಲ್ಲಿ ದಂಡಿನವರು ದೋಚಿದ ವಸ್ತುಗಳ ಪಟ್ಟಿಯೊಂದಿದೆ. ಕುಡಗೋಲು, ಉಪ್ಪು, ಎಣ್ಣೆ, ಜೀರಿಗೆ, ತಾಳಿ, ಬೀಸುವ ಕಲ್ಲು ಕೂಡ ಬಿಡಲಿಲ್ಲ. ಬಂದೂಕಿಗಾಗಿ ಬಂದವರು ಅಡಿಗೆಮನೆಯನ್ನೇ ಹೊತ್ತೊಯ್ದರು. ಪರೀಕ್ಷೆಗೆ ಈ ಪಟ್ಟಿಯ ಮೇಲೆ ಪ್ರಶ್ನೆ ಬರುವುದಿಲ್ಲ. ಬರಬೇಕಿತ್ತು ಎಂದು ನನ್ನ ಅನಿಸಿಕೆ.

ಹುಡುಗನ ಲೆಕ್ಕಕ್ಕೆ ಈಗ ಬರುತ್ತೇನೆ. ಅದೇ ಸರ್ಕಾರ 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಅವರು ನಿಷ್ಠರೆಂದು ಅದು ನಂಬಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಕೋವಿ ಅಲ್ಲಿಯೂ ಕೋವಿಯೇ, ಇಲ್ಲಿಯೂ ಕೋವಿಯೇ. ಸರ್ಕಾರ ತೂಗಿ ನೋಡಿದ್ದು ಹಿಡಿದ ಕೈಯನ್ನು. ಹಲಗಲಿಯವರಿಗೆ ಆ ತೂಕ ತಿಳಿದಿತ್ತು. ಬಂದೂಕು ಒಪ್ಪಿಸಿದರೆ ಮರುದಿನದ ಹೊಟ್ಟೆಪಾಡಿಗೆ ಬೇರೆ ದಾರಿ ಯಾರೂ ಹೇಳಿರಲಿಲ್ಲ. ಮಗ್ಗದ ಊರಿನ ನಮಗೆ ಬೇರೆ ಮಾತಲ್ಲಿ ಹೇಳುವುದಾದರೆ, ನಾಳೆಯಿಂದ ಲಾಳಿಗೆ ಪರವಾನಗಿ ತನ್ನಿ, ಇಲ್ಲವೇ ಲಾಳಿ ಒಪ್ಪಿಸಿ ಎಂದಂತೆ. ಇಷ್ಟು ಅಂದು ಹೇಳಿದ್ದರೆ ಆ ಹುಡುಗನಿಗೆ ಸಾಕಾಗುತ್ತಿತ್ತು. ಅವನ ಮನೆಯಲ್ಲಿಯೂ ಮಗ್ಗವಿತ್ತು.

ಸ್ವತಂತ್ರ ಭಾರತ 1878ರ ಕಾಯ್ದೆಯನ್ನು ತೆಗೆದು 1959ರಲ್ಲಿ ತನ್ನದೇ ಆಯುಧ ಕಾಯ್ದೆ ಮಾಡಿತು. ಬೆಳೆ ಕಾಯಲು ಬಾಯಿಂದ ತುಂಬುವ ಬಂದೂಕು, ರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕು ಬೇಕೆಂದು ಕೇಳುವ ನಾಗರಿಕನನ್ನು ಅದು ಗುರುತಿಸಿದೆ. ನನ್ನ ಸೋದರಮಾವನ ಹತ್ತಿರ ಅಂಥ ಒಂಟಿ ನಳಿಗೆಯ ಬಂದೂಕಿತ್ತು. ಕಬ್ಬಿನ ಹೊಲಕ್ಕೆ ಹಂದಿ ಕಾಟ. ಆದರೆ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪ್ಪಣೆಯಿಲ್ಲದೆ ಹಂದಿ ಹೊಡೆಯುವಂತಿರಲಿಲ್ಲ. ಮಾವ ಆಕಾಶಕ್ಕೇ ಹೊಡೆಯುತ್ತಿದ್ದ. ಬಂದೂಕು ಒಂದು ಕೋಣೆಯಲ್ಲಿ, ಕಾಡತೂಸು ಇನ್ನೊಂದು ಕೋಣೆಯ ಟ್ರಂಕಿನಲ್ಲಿ. ಬದು ದಾಟುವಾಗ ನಳಿಗೆ ತೆರೆದು ಕಾಡತೂಸು ತೆಗೆದೇ ದಾಟುವನು. ನಾವು ಹುಡುಗರು ಖಾಲಿ ಬಂದೂಕನ್ನು ಒಬ್ಬರ ಕಡೆ ತಿರುಗಿಸಿದರೂ ಬೆನ್ನಿಗೆ ಏಟು ಬೀಳುತ್ತಿತ್ತು.

ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕಿತ್ತು. “ನಾ ಏನ್ ಕಳ್ಳ ಏನೋ?” ಎಂದು ಗೊಣಗುತ್ತಲೇ ಹೋಗುತ್ತಿದ್ದ. ಮಾವ ತೀರಿದ ಮೇಲೆ ಮಕ್ಕಳು ಪರವಾನಗಿಗೆ ಅರ್ಜಿ ಹಾಕಲಿಲ್ಲ. ಬಂದೂಕು ಠಾಣೆ ಸೇರಿತು. ಅದರ ರಸೀದಿಯನ್ನು ಅತ್ತಿ ಹೊಲದ ಉತಾರದ ಜೊತೆ ಮಡಿಸಿ ಇನ್ನೂ ಇಟ್ಟುಕೊಂಡಿದ್ದಾಳೆ.